ರೆಕಾರ್ಡ್ ರೂಮಿನ ಕೀ ಯಾರ ಹತ್ತಿರ ಇದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ಕಾರಿ ಕಚೇರಿಗಳಲ್ಲಿ ನಮ್ಮ ಕಾಗದ ಪತ್ರ, ನಮ್ಮ ಮಾಹಿತಿ ಎಷ್ಟು ಭದ್ರವಾಗಿದೆ ಅನ್ನುವ ಬಗ್ಗೆ ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ.

ಪ್ರಶ್ನೆ: ನಮ್ಮ ತಾತನಿಗೆ ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ, ಮಂಜೂರಾದ ಜಮೀನಿದೆ. ಪಹಣಿ ಅಪ್ಪನ ಹೆಸರಲ್ಲೇ ಬರುತ್ತಿದೆ. ಪೋಡಿ (ಜಮೀನು ಅಳೆದು ಬೇರೆ ಸರ್ವೆ ನಂಬರ್ ಕೊಡುವುದು) ಮಾಡಿಸಲು ಹೋದರೆ ಮೂಲ ಮಂಜೂರಾತಿ ಕಡತ ಬೇಕು ಅಂತಾರೆ. ರೆಕಾರ್ಡ್ ರೂಮಲ್ಲಿ ಕೇಳಿದರೆ ಕಡತ ಸಿಗುತ್ತಿಲ್ಲ ಅಂತಾರೆ. ಆಂಧ್ರದ ಮದನಪಲ್ಲಿಯಲ್ಲಿ ಕಚೇರಿಗೆ ಬೆಂಕಿ ಬಿದ್ದು ಜಮೀನಿನ ಕಡತಗಳು ಸುಟ್ಟುಹೋದ ಸುದ್ದಿ ಕೇಳಿದಾಗಿನಿಂದ ನಿದ್ದೆ ಇಲ್ಲ. ಕಡತ ಹೋದರೆ ಜಮೀನು ಹೋದ ಹಾಗೇನಾ?
- ಚಿಂತಾಮಣಿ ತಾಲ್ಲೂಕಿನ ರೈತರು

ಉತ್ತರ: ಇಲ್ಲಣ್ಣ, ಕಡತ ಹೋದ ಮಾತ್ರಕ್ಕೆ ಜಮೀನು ಹೋಗಲ್ಲ. ಮೊದಲು ಧೈರ್ಯ ತಂದುಕೊಳ್ಳಿ. ಆದರೆ ನಿಮ್ಮ ಹೆದರಿಕೆಗೆ ಕಾರಣ ಇದೆ ಅನ್ನುವುದನ್ನೂ ಒಪ್ಪುತ್ತೇನೆ. ಮದನಪಲ್ಲಿ ನಿಮಗೆ ದೂರದ ಊರಲ್ಲ, ಟೊಮೆಟೊ ಮಾರ್ಕೆಟ್ಟಿಗೆ ನಿಮ್ಮ ಕಡೆಯವರು ಹೋಗಿ ಬರುವ ಊರೇ. ಅಲ್ಲಿನ ಸಬ್ ಕಲೆಕ್ಟರ್ ಕಚೇರಿಗೆ 2024ರ ಜುಲೈ 21ರ ರಾತ್ರಿ ಬೆಂಕಿ ಬಿತ್ತು, ಜಮೀನಿಗೆ ಸಂಬಂಧಪಟ್ಟ ಕಡತಗಳು ಸುಟ್ಟವು. ಬೇಕಂತಲೇ ಹಚ್ಚಿದ್ದಾರೆ ಅನ್ನುವ ಅನುಮಾನದಲ್ಲಿ ತನಿಖೆ ಸಿಐಡಿಗೆ ಹೋಯಿತು. ಅದಕ್ಕೂ ಮೊದಲು, 2012ರ ಜೂನ್ 21ರಂದು ಮುಂಬೈಯ ಮಂತ್ರಾಲಯದಲ್ಲೇ ಬೆಂಕಿ ಬಿದ್ದು ಮೇಲಿನ ಮಹಡಿಗಳು ಸುಟ್ಟುಹೋಗಿದ್ದವು. ಒಂದು ರಾಜ್ಯದ ಆಡಳಿತ ನಡೆಯುವ ಕಟ್ಟಡದ ಕಥೆಯೇ ಹಾಗಾದರೆ ತಾಲ್ಲೂಕು ಕಚೇರಿಯ ಗತಿ ಏನು ಅಂತ ನೀವು ಕೇಳುವುದು ನ್ಯಾಯ.

ಬೆಂಕಿಗಿಂತ ನನಗೆ ಜಾಸ್ತಿ ಚಿಂತೆ ಇರುವುದು ದಿನನಿತ್ಯದ ಅಸಡ್ಡೆಯ ಬಗ್ಗೆ. ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂ ಹತ್ತಿರದಿಂದ ನೋಡಿದ್ದೇನೆ, ಊರಿನ ಹೆಸರು ಬೇಡ. ಬಾಗಿಲಿಗೆ ದಪ್ಪ ಬೀಗ ಇತ್ತು. ಅದರ ಕೀ ಪಕ್ಕದ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು, ಡ್ರಾಯರಿಗೆ ಬೀಗ ಇರಲಿಲ್ಲ. ಒಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳು ಸೂರಿನವರೆಗೆ ಪೇರಿಸಿದ್ದವು, ಕೆಳಗಿನ ಕಟ್ಟುಗಳು ಶೀತ ಹಿಡಿದು ಒಂದಕ್ಕೊಂದು ಅಂಟಿದ್ದವು. ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ರಟ್ಟು ಇಟ್ಟಿದ್ದರು. ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರಿನ ಚೀಟಿ ಓದಿದರೆ, ಮತ್ತೆ ತುಂಬಿಸಬೇಕಾದ ತಾರೀಕು ಯಾವಾಗಲೋ ದಾಟಿಹೋಗಿತ್ತು. ಕಡತ ಯಾರು ಒಯ್ದರು, ಯಾವಾಗ ವಾಪಸ್ ತಂದರು ಎಂದು ಬರೆಯುವ ವಹಿ ಒಂದಿತ್ತು. ಅದರಲ್ಲಿ ಆ ವರ್ಷದ್ದು ಒಂದು ನಮೂದೂ ಇರಲಿಲ್ಲ. ಆದರೆ ನಾನು ಅಲ್ಲಿ ನಿಂತಿದ್ದಾಗಲೇ ಒಬ್ಬರು ಒಂದು ಕಟ್ಟು ಬಗಲಿಗೆ ಇಟ್ಟುಕೊಂಡು ಹೊರಗೆ ಹೋದರು. ಅವರು ಕಚೇರಿಯ ನೌಕರರೂ ಆಗಿರಲಿಲ್ಲ.

ಇಂಥ ಕಡೆ ಕಡತ ಕದಿಯಲು ಬೀಗ ಒಡೆಯಬೇಕಾಗಿಲ್ಲ, ಸುಮ್ನೆ ಒಳಗೆ ಹೋದರೆ ಸಾಕು. ಕಳೆದುಹೋಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇರುವ ಕಡತದೊಳಗೆ ಒಂದು ಹಾಳೆ ಸೇರುವುದು, ಇಲ್ಲವೇ ಒಂದು ಹಾಳೆ ಮಾಯವಾಗುವುದು. ಬೆಂಗಳೂರಿನ ಮಗ್ಗುಲಲ್ಲಿರುವ ನಿಮ್ಮ ಜಿಲ್ಲೆಗಳಲ್ಲಿ ಎಕರೆಗೆ ಇವತ್ತು ಇರುವ ಬೆಲೆಗೆ ಆ ಒಂದು ಹಾಳೆಯ ಬೆಲೆ ಎಷ್ಟು ಅಂತ ನಿಮಗೇ ಗೊತ್ತು. ಅದಕ್ಕೇ ಹಳೇ ಕಾಲದ ಶಿರಸ್ತೇದಾರರು ಕಡತದ ಪ್ರತಿ ಪುಟಕ್ಕೂ ಕೆಂಪು ಇಂಕಿನಲ್ಲಿ ಸಂಖ್ಯೆ ಬರೆಸುತ್ತಿದ್ದರು. ನಡುವೆ ಹಾಳೆ ತುರುಕಿದರೂ ಕಿತ್ತರೂ ಲೆಕ್ಕ ತಪ್ಪುತ್ತಿತ್ತು, ಅಲ್ವಾ? ಅಷ್ಟು ಅಗ್ಗದ ಭದ್ರತೆ ಇನ್ನೊಂದಿಲ್ಲ. ನಿಮ್ಮ ಕಡತ ಸಿಕ್ಕರೆ ಮೊದಲು ಆ ಪುಟಸಂಖ್ಯೆ ನೋಡಿ.

ಈಗ ನೀವು ಮಾಡಬೇಕಾದ್ದು. ನಿಮ್ಮ ಮಂಜೂರಾತಿಯ ಗುರುತು ಒಂದೇ ಕಡತದಲ್ಲಿ ಇರುವುದಿಲ್ಲ. ಸಾಗುವಳಿ ಚೀಟಿ (ಮಂಜೂರಾದವರಿಗೆ ಕೊಡುವ ಪತ್ರ) ಕೊಟ್ಟ ವಹಿ ಬೇರೆ, ಮ್ಯುಟೇಷನ್ (ಹಕ್ಕು ಬದಲಾವಣೆ) ವಹಿ ಬೇರೆ, ಜಮೀನಿನ ಹಕ್ಕು ಬರೆದಿಡುವ ಹಳೇ ವಹಿಗಳಾದ ಐಎಲ್ ಆರ್‌ಆರ್ ಬೇರೆ. ಸರ್ವೆ ಇಲಾಖೆಯಲ್ಲಿ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ಇರುತ್ತವೆ. ಕೈಬರಹದ ಪಹಣಿ ಹಳೇ ವರ್ಷದಿಂದ ಹಿಡಿದು ಸಿಕ್ಕಷ್ಟೂ ತೆಗೆಸಿ. ಎಲ್ಲದಕ್ಕೂ ದೃಢೀಕೃತ ನಕಲು ತೆಗೆದುಕೊಳ್ಳಿ, ಬರೀ ಜೆರಾಕ್ಸ್ ಬೇಡ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಹಿಂದೆ ನೀವೆಲ್ಲ ಕೋಲಾರ ಜಿಲ್ಲೆಯವರು, ಹಾಗಾಗಿ ಜಿಲ್ಲಾ ಮಟ್ಟದ ಹಳೇ ಆದೇಶ ಏನಾದರೂ ಇದ್ದರೆ ಕೋಲಾರದ ಡಿಸಿ ಕಚೇರಿಯಲ್ಲೂ ಕೇಳಿ ನೋಡಿ.

‘ಕಡತ ಸಿಗುತ್ತಿಲ್ಲ’ ಅಂತ ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಬರೆದುಕೊಡಿ ಅನ್ನಿ. ಬರೆದುಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಒಂದು ಕಾಲಕ್ಕೆ ಕಚೇರಿಯಲ್ಲಿದ್ದ ದಾಖಲೆಯನ್ನು ಈಗ ಸಿಗುತ್ತಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಹುಡುಕಬೇಕು, ಸಿಗದಿದ್ದರೆ ಹೊಣೆ ಯಾರದು ಅಂತ ಗೊತ್ತುಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಸಾರ್ವಜನಿಕ ದಾಖಲೆಗಳ ಬಗ್ಗೆ ಕರ್ನಾಟಕದಲ್ಲೂ 2010ರ ಕಾಯ್ದೆ ಇದೆ. ಅರ್ಜಿಯಲ್ಲಿ ಕಡತದ ಜೊತೆಗೆ ಇನ್ನೆರಡು ಕೇಳಿ. ಆ ಕಡತ ಕೊನೆಗೆ ಯಾರ ಕೈಗೆ ಹೋಗಿತ್ತು ಅನ್ನುವ ವಹಿಯ ನಕಲು, ಮತ್ತು ದಾಖಲೆ ಕೊಠಡಿಗೆ ಜವಾಬ್ದಾರಿ ಇರುವ ಅಧಿಕಾರಿಯ ಹುದ್ದೆ. ಈ ಎರಡು ಸಾಲು ಬಿದ್ದ ಮೇಲೆ ಎಷ್ಟೋ ಕಡೆ ಕಡತ ತಾನಾಗಿ ಸಿಕ್ಕಿದೆ.

ಒಂದು ಒಳ್ಳೇ ಸುದ್ದಿಯೂ ಇದೆ. ಕಂದಾಯ ಇಲಾಖೆ 2024ರಲ್ಲಿ ಭೂ ಸುರಕ್ಷಾ ಯೋಜನೆ ಶುರು ಮಾಡಿ ರೆಕಾರ್ಡ್ ರೂಮಿನ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಈ ಕೆಲಸ ಇಪ್ಪತ್ತು ವರ್ಷದ ಹಿಂದೆಯೇ ಆಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಪಹಣಿ 2000ದ ಆಸುಪಾಸಿನಲ್ಲೇ ‘ಭೂಮಿ’ ತಂತ್ರಾಂಶಕ್ಕೆ ಹೋಯಿತು, ಅದರ ಬುಡದಲ್ಲಿದ್ದ ಮೂಲ ಕಡತಗಳು ಮಾತ್ರ ಹುಳು ತಿನ್ನುತ್ತಾ ಅಲ್ಲೇ ಉಳಿದವು. ನಿಮ್ಮ ಹಳ್ಳಿಯದು ಸ್ಕ್ಯಾನ್ ಆಗಿದೆಯಾ ಅಂತ ಹೋಗಿ ಕೇಳಿ. ಆಗಿದ್ದರೆ ನಿಮ್ಮ ಕಡತ ಅದರಲ್ಲಿ ಇದೆಯಾ, ಎಷ್ಟು ಪುಟ ಇದೆ ಅಂತಲೂ ನೋಡಿ. ಸ್ಕ್ಯಾನ್ ಆಗುವ ಮೊದಲೇ ಹಾಳೆ ಬದಲಾಗಿದ್ದರೆ ಕಂಪ್ಯೂಟರಿನಲ್ಲಿ ಸುಳ್ಳೇ ಭದ್ರವಾಗಿ ಕೂರುತ್ತದೆ.

ಪ್ರಶ್ನೆ: ನಾನು ಹೊರಗುತ್ತಿಗೆಯಲ್ಲಿ ಡೇಟಾ ಎಂಟ್ರಿ ಆಪರೇಟರ್. ನಮ್ಮ ಸಾಹೇಬರು ತಮ್ಮ ಡಿಎಸ್‌ಸಿ (ಡಿಜಿಟಲ್ ಸಹಿ) ಡಾಂಗಲ್ ನನ್ನ ಸಿಸ್ಟಮ್ಮಿಗೇ ಹಾಕಿಟ್ಟಿದ್ದಾರೆ, ಪಿನ್ ಕೂಡ ಹೇಳಿದ್ದಾರೆ. ಅವರು ಮೀಟಿಂಗ್‌ಗೆ ಹೋದಾಗ ಅಪ್ರೂವಲ್ ನಾನೇ ಕೊಡಬೇಕು. ಬೇಡ ಅಂದರೆ ಕೆಲಸ ಹೋಗುತ್ತದೆ ಅನ್ನುವ ಭಯ. ಇದು ತಪ್ಪಾ ಸಾರ್?
- ತುಮಕೂರಿನ ಓದುಗರು

ಉತ್ತರ: ತಪ್ಪು ತಂಗಿ, ಆದರೆ ಮೊದಲ ತಪ್ಪು ನಿಮ್ಮದಲ್ಲ. ಆ ಡಾಂಗಲ್ ಅಂದರೆ ಸಾಹೇಬರ ಸಹಿ. ನೋಡಲು ಪೆನ್‌ಡ್ರೈವ್ ತರಹ ಇರುವುದರಿಂದ ಅದರ ತೂಕ ಯಾರಿಗೂ ಗೊತ್ತಾಗುವುದಿಲ್ಲ. ಪೆನ್ನಿನ ಸಹಿ ಆಗಿದ್ದರೆ ‘ಇದು ನನ್ನ ಕೈಬರಹ ಅಲ್ಲ’ ಅಂತ ವಾದ ಮಾಡಬಹುದು, ತಜ್ಞರಿಗೆ ಕಳಿಸಬಹುದು. ಡಿಜಿಟಲ್ ಸಹಿಯಲ್ಲಿ ಅದು ಆಗಲ್ಲ. ಡಾಂಗಲ್ ಇತ್ತು, ಪಿನ್ ಸರಿ ಇತ್ತು ಅಂದರೆ ಮುಗಿಯಿತು, ಯಾರ ಬೆರಳು ಒತ್ತಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದಕ್ಕೇ 2000ದ ಐಟಿ ಕಾಯ್ದೆಯ 42ನೇ ಸೆಕ್ಷನ್ನು, ಸಹಿಯ ಗುಪ್ತ ಕೀ ಯಾರದೋ ಅವರೇ ಅದನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬೇಕು, ಬೇರೆಯವರಿಗೆ ತಿಳಿಯದಂತೆ ಕಾಪಾಡಬೇಕು, ಕೈತಪ್ಪಿದರೆ ತಕ್ಷಣ ತಿಳಿಸಬೇಕು ಎನ್ನುತ್ತದೆ. ಅಂದರೆ ಜವಾಬ್ದಾರಿ ಕಾನೂನಿನಲ್ಲಿ ಅವರದೇ.

ಆದರೆ ಕಾನೂನಿನಲ್ಲಿ ಇರುವುದು ಒಂದು, ಗಲಾಟೆ ಆದಾಗ ನಡೆಯುವುದು ಇನ್ನೊಂದು. ನಾಳೆ ಒಂದು ಸುಳ್ಳು ಖಾತೆ ಬದಲಾವಣೆಯೋ, ಅರ್ಹತೆ ಇಲ್ಲದವರಿಗೆ ಪಿಂಚಣಿಯೋ ಪಾಸಾಗಿ ಹೊರಗೆ ಬಂತು ಅಂತ ಇಟ್ಟುಕೊಳ್ಳಿ. ದಾಖಲೆಯಲ್ಲಿ ಸಾಹೇಬರ ಹೆಸರು ಇರುತ್ತದೆ, ಪೊಲೀಸರ ಮುಂದೆ ‘ಆಪರೇಟರ್ ಮಾಡಿದ್ದು’ ಎಂಬ ಮಾತು ಬರುತ್ತದೆ. ಕಾಯಂ ನೌಕರಿಯೂ ಇಲ್ಲದ, ಸಂಘವೂ ಇಲ್ಲದ ನಿಮ್ಮಂಥವರ ತಲೆಗೆ ಇದನ್ನು ಕಟ್ಟುವುದು ಸುಲಭ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ, ಯಾಕೆಂದರೆ ನಿಮ್ಮ ತರಹದ ಪತ್ರ ಮೂರೂ ಜಿಲ್ಲೆಗಳಿಂದ ಬಂದಿದೆ.

ಜಗಳ ಬೇಡ. ‘ಸಾರ್, ಆಡಿಟ್‌ನಲ್ಲಿ ನಿಮಗೇ ತೊಂದರೆ ಆಗುತ್ತೆ, ನಾನು ಎಲ್ಲ ಎಂಟ್ರಿ ಮಾಡಿ ರೆಡಿ ಇಟ್ಟಿರ್ತೀನಿ, ನೀವು ಬಂದು ಒಂದೇ ಸಲ ಅಪ್ರೂವ್ ಮಾಡಿ’ ಅನ್ನಿ. ಕೆಲಸ ನಿಲ್ಲುವುದಿಲ್ಲ ಅನ್ನುವುದು ಗೊತ್ತಾದರೆ ಅರ್ಧ ಜನ ಒಪ್ಪುತ್ತಾರೆ. ನಿಮ್ಮದೇ ಬೇರೆ ಲಾಗಿನ್ ಐಡಿ ಬೇಕು ಎಂದು ಲಿಖಿತವಾಗಿ ಕೇಳಿ, ಅದರ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಯಾವ ದಿನ, ಯಾವ ಅರ್ಜಿ ಸಂಖ್ಯೆಗೆ, ಯಾರು ಹೇಳಿದ ಮೇಲೆ ಅಪ್ರೂವಲ್ ಕೊಟ್ಟಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಅಂದಂದೇ ಬರೆದಿಡಿ. ಸಂಜೆ ಹೊರಡುವಾಗ ಡಾಂಗಲ್ ಕಿತ್ತು ಸಾಹೇಬರ ಕೈಗೇ ಕೊಟ್ಟು ಹೋಗಿ. ರಾತ್ರಿ ನಿಮ್ಮ ಸಿಸ್ಟಮ್ಮಿನಲ್ಲಿ ಯಾರು ಕೂರುತ್ತಾರೋ ನಿಮಗೆ ಗೊತ್ತಾಗಲ್ಲ.

ಈ ಅಂಕಣ ಓದುವ ಅಧಿಕಾರಿಗಳಿಗೂ ಒಂದು ಮಾತು. ಮಾನಿಟರಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಜನ ಸಾಲಿನಲ್ಲಿ ನಿಂತಾಗ ಕಣ್ಣಿಗೆ ಬೀಳುತ್ತದೆ. ಇವತ್ತೇ ತೆಗೆಸಿ.

ಪ್ರಶ್ನೆ: ಸರ್ಕಾರಿ ಆಫೀಸಿಗೆ ಯಾರು ಬೇಕಾದರೂ ನುಗ್ಗುತ್ತಾರೆ. ಗೇಟಿನಲ್ಲೇ ತಡೆದು ಐಡಿ ಕಾರ್ಡ್ ನೋಡಿ ಬಿಡುವ ನಿಯಮ ಮಾಡಬಾರದೇ?
- ಕೋಲಾರದ ಕಾಲೇಜು ವಿದ್ಯಾರ್ಥಿ

ಉತ್ತರ: ನಿಮ್ಮ ಕಾಳಜಿ ಸರಿ, ಆದರೆ ಮದ್ದು ಅದಲ್ಲ. ಬೇತಮಂಗಲದಿಂದ ವಿಧವಾ ವೇತನಕ್ಕೆ ಅಲೆಯುವ ಅಜ್ಜಿಯನ್ನು ಗೇಟಿನಲ್ಲಿ ನಿಲ್ಲಿಸಿ ಐಡಿ ಕೇಳಿದರೆ ಆಕೆ ವಾಪಸ್ ಹೋಗುತ್ತಾಳೆ. ಒಳಗೆ ಕಡತ ತಿರುಚುವ ಬ್ರೋಕರಿಗೆ ಆ ಗೇಟು ಅಡ್ಡಿಯೇ ಅಲ್ಲ, ಅವನಿಗೆ ಒಳಗಿನವರೆಲ್ಲ ಪರಿಚಯ.

ಬಿಗಿ ಭದ್ರತೆ ಇರುವ ಕಡೆ ಏನಾಯಿತು ನೋಡಿ. 2023ರ ಜುಲೈ 7ರಂದು ರಾಜ್ಯ ಬಜೆಟ್ ಮಂಡನೆ ಆಗುವಾಗ ಒಬ್ಬರು ತಾವೂ ಶಾಸಕರು ಎಂದು ಹೇಳಿಕೊಂಡು ವಿಧಾನಸಭೆಯ ಒಳಗೇ ಹೋಗಿ ದೇವದುರ್ಗದ ಶಾಸಕಿಯ ಆಸನದಲ್ಲಿ ಕೂತಿದ್ದರು. ಗುರುತು ಹಿಡಿದದ್ದು ಮೆಟಲ್ ಡಿಟೆಕ್ಟರ್ ಅಲ್ಲ, ಹತ್ತಿರ ಕೂತಿದ್ದ ಇನ್ನೊಬ್ಬ ಶಾಸಕರು. ಅದೇ ವರ್ಷದ ಡಿಸೆಂಬರ್ 13ರಂದು, 2001ರಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ತಾರೀಕಿನಂದೇ, ಇಬ್ಬರು ಲೋಕಸಭೆಯ ಗ್ಯಾಲರಿಯಿಂದ ಕೆಳಗೆ ಹಾರಿ ಬಣ್ಣದ ಹೊಗೆ ಬಿಟ್ಟರು. ಹೊಗೆಯ ಡಬ್ಬಿ ಶೂ ಒಳಗೆ ಅಡಗಿಸಿದ್ದರು, ಪಾಸ್ ಸಿಕ್ಕಿದ್ದು ಸಂಸದರೊಬ್ಬರ ಶಿಫಾರಸಿನ ಮೇಲೆ. ಎರಡೂ ಕಡೆ ಬಾಗಿಲು ಕಾಯುವವರು ಇದ್ದರು, ಕೈಯಲ್ಲಿ ಯಂತ್ರಗಳೂ ಇದ್ದವು. ಎದುರಿಗಿರುವವರು ಯಾರು, ಇವರು ಹೇಳುವುದು ನಿಜವಾ ಎಂದು ಒಂದು ಪ್ರಶ್ನೆ ಕೇಳಲು ಸಂಕೋಚ ಆಯಿತು, ಇಲ್ಲವೇ ದೊಡ್ಡವರ ಹೆಸರು ಕೇಳಿ ಸುಮ್ಮನಾದರು.

ಹಾಗಾಗಿ ನನ್ನ ಪ್ರಕಾರ ಅಂಗಳ, ಕೌಂಟರು, ಸಾಹೇಬರ ಕೊಠಡಿಯ ಮುಂದಿನ ಬೆಂಚು ಎಲ್ಲರಿಗೂ ತೆರೆದಿರಬೇಕು. ಸಿಬ್ಬಂದಿಯ ಮೇಜಿನ ಹಿಂದೆ ಯಾರೂ ಹೋಗಬಾರದು. ರೆಕಾರ್ಡ್ ರೂಂ, ಸರ್ವರ್ ಇರುವ ಕೋಣೆ, ಖಜಾನೆ, ಇಲ್ಲಿಗೆ ಹೆಸರು ಬರೆದ ನೌಕರರು ಮಾತ್ರ, ಅವರೂ ಸಹಿ ಹಾಕಿ ಒಳಗೆ ಹೋಗಬೇಕು. ತುಂಬಾ ಕಚೇರಿಗಳಲ್ಲಿ ಇದು ಉಲ್ಟಾ ಇದೆ. ಜನರಿಗೆ ಗೇಟಿನಲ್ಲಿ ದಬಾಯಿಸುತ್ತಾರೆ, ಕೇಸ್ ವರ್ಕರ್ ಪಕ್ಕದ ಕುರ್ಚಿಯಲ್ಲಿ ಬ್ರೋಕರ್ ಕೂತು ಕಡತ ತಿರುವುತ್ತಿರುತ್ತಾನೆ.

ಪ್ರಶ್ನೆ: ಪಂಚಾಯಿತಿ ಆಫೀಸಿನ ಮುಂದೆ ಒಂದು ಪೆನ್‌ಡ್ರೈವ್ ಬಿದ್ದಿತ್ತು. ಯಾರದೆಂದು ನೋಡಲು ಅಲ್ಲಿನ ಕಂಪ್ಯೂಟರಿಗೆ ಹಾಕಿದರು. ಪರವಾಗಿಲ್ವಾ?
- ಮಾಲೂರು

ಉತ್ತರ: ಹಾಕಬಾರದಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಬೇಕಂತಲೇ ಬೀಳಿಸಿ ನೋಡಿದ್ದರು, 2016ರಲ್ಲಿ ಪ್ರಕಟವಾಯಿತು. ನೂರಕ್ಕೆ 45ರಷ್ಟನ್ನು ಜನ ಕಂಪ್ಯೂಟರಿಗೆ ಹಾಕಿ ಫೈಲ್ ತೆರೆದಿದ್ದರು. ಯಾರದೋ ಪಾಪ, ವಾಪಸ್ ಕೊಡೋಣ ಅನ್ನುವ ಒಳ್ಳೇ ಮನಸ್ಸನ್ನೇ ಕಳ್ಳರು ಬಳಸಿಕೊಳ್ಳುತ್ತಾರೆ. ಆ ಕಂಪ್ಯೂಟರಿನ ನೆಟ್ ತೆಗೆದು, ತಾಲ್ಲೂಕು ಪಂಚಾಯಿತಿಗೆ ತಿಳಿಸಿ, ತಿಳಿದವರಿಂದ ಪರೀಕ್ಷೆ ಮಾಡಿಸಲು ಹೇಳಿ.

ಪ್ರಶ್ನೆ: ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿ ನೋಡಿದರೆ ಯಾರದೋ ಆಧಾರ್ ಜೆರಾಕ್ಸ್, ಫೋಟೋ, ಫೋನ್ ನಂಬರ್ ಸಮೇತ ಅರ್ಜಿ. ಕಚೇರಿಯ ಸೀಲೂ ಇತ್ತು. ಹೀಗೆ ಹೇಗೆ ಆಗುತ್ತದೆ?
- ಗುಬ್ಬಿಯ ಜೆರಾಕ್ಸ್ ಅಂಗಡಿಯವರು

ಉತ್ತರ: ವಿಲೇ ಆದ ಅರ್ಜಿಗಳು ಮೂಟೆ ಕಟ್ಟಿ ಗುಜರಿಗೆ ಹೋಗುವುದರಿಂದ. ಹರಿದು ಚೂರು ಮಾಡಿ ಕೊಡಬೇಕು ಅನ್ನುವ ಯೋಚನೆ ಯಾರಿಗೂ ಬರುವುದಿಲ್ಲ, ಕಾಗದಕ್ಕೆ ಕೆಜಿ ಲೆಕ್ಕ ಅಷ್ಟೇ. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಸರ್ಕಾರಿ ಹಳೇ ಪೀಠೋಪಕರಣ ಮಾರುವ ಅಂಗಡಿಯಿಂದ ಒಬ್ಬರು ಕೀ ಇಲ್ಲದ ಎರಡು ಕಬ್ಬಿಣದ ಬೀರುಗಳನ್ನು ಅಗ್ಗಕ್ಕೆ ತಂದರು. ಬೀಗ ಕೊರೆದು ತೆಗೆದರೆ ಒಳಗೆ ಸಾವಿರಾರು ಪುಟದ ಸಚಿವ ಸಂಪುಟದ ರಹಸ್ಯ ಕಡತ! 2018ರ ಜನವರಿಯಲ್ಲಿ ಇದು ಹೊರಗೆ ಬಂತು. ಬೀರು ಮಾರುವ ಮುಂಚೆ ಬಾಗಿಲು ತೆಗೆದು ನೋಡಿದ್ದರೆ ಮುಗಿಯುತ್ತಿತ್ತು.

ಆಧಾರ್ ಜೆರಾಕ್ಸಿನಿಂದ ಏನಾಗುತ್ತದೆ ಅಂತ ಕೆಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೆನಪಿಸಿಕೊಳ್ಳಿ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ, ಆಧಾರ್ ಸಂಖ್ಯೆ ಜೊತೆ ಸೇರಿಸಿ, ಜನರ ಬ್ಯಾಂಕ್ ಖಾತೆಯಿಂದ ಹಣ ತೆಗೆದಿದ್ದರು. ಆಧಾರ್ ಮೂಲಕ ಹಣ ತೆಗೆಯುವ ಆ ಪದ್ಧತಿಗೆ ಒಟಿಪಿ ಬೇಕಿಲ್ಲ, ಬೆರಳಚ್ಚು ಸಾಕು. ಸೈಟು ನೋಂದಣಿ ಮಾಡಿಸಿದ ಸಂತೋಷದಲ್ಲಿದ್ದವರಿಗೆ ಹಣ ಹೋದ ಮೆಸೇಜ್ ಬಂದಿತ್ತು.

ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ನಿಮ್ಮ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಬೇಕಾದಾಗ ತೆಗೆಯಬಹುದು. ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಪೂರ್ತಿ ಸಂಖ್ಯೆ ಬೇಡದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಬರೆದು ಸಹಿ ಹಾಕಿ. ನಿಮ್ಮ ಅಂಗಡಿಗೆ ಬರುವವರಿಗೂ ಇದನ್ನು ಹೇಳಿ, ನಿಮ್ಮ ಮಾತು ಕೇಳುತ್ತಾರೆ. ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇಸರದ ಸಂಗತಿ ಅಂದರೆ, 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆ ಕಾಯ್ದೆ ಅನ್ವಯ ಆಗುವುದು ಡಿಜಿಟಲ್ ರೂಪದಲ್ಲಿರುವ ಮಾಹಿತಿಗೆ. ಕಾಗದದಲ್ಲೇ ಉಳಿದು ಗುಜರಿಗೆ ಹೋದ ಅರ್ಜಿ ಅದರ ಹೊರಗೆ ಉಳಿಯುತ್ತದೆ. ಹಳ್ಳಿ, ಪಟ್ಟಣಗಳಲ್ಲಿ ಮಾಹಿತಿ ಸೋರುವುದು ಜಾಸ್ತಿ ಕಾಗದದಿಂದಲೇ, ಇದನ್ನು ತಡೆಯಲು ಕಚೇರಿಗೊಂದು ಕಾಗದ ಚೂರು ಮಾಡುವ ಯಂತ್ರ ಕೊಟ್ಟರೆ ಸಾಕು.

ಪ್ರಶ್ನೆ: ಎಲ್ಲ ಕಂಪ್ಯೂಟರಿಗೆ ಹಾಕಿಬಿಟ್ಟರೆ ಈ ತಾಪತ್ರಯ ಇರಲ್ಲ ಅಲ್ವಾ?
- ಶಿರಾ

ಉತ್ತರ: ತಾಪತ್ರಯ ಬೇರೆ ರೂಪದಲ್ಲಿ ಬರುತ್ತದೆ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ (ಸರ್ಕಾರಿ ಟೆಂಡರ್) ಪೋರ್ಟಲ್‌ಗೆ ಕನ್ನ ಹಾಕಿ ಸುಮಾರು 11.5 ಕೋಟಿ ರೂಪಾಯಿ ಎಗರಿಸಿದ್ದರು. 2025ರ ಶುರುವಿನಲ್ಲಿ ಆಸ್ತಿ ನೋಂದಣಿಯ ತಂತ್ರಾಂಶ ಕಾವೇರಿ 2.0ಕ್ಕೆ ನಕಲಿ ಖಾತೆಗಳಿಂದ ಒಂದೇ ಸಮನೆ ಕೋರಿಕೆ ಸುರಿಸಿ ಉಸಿರು ಕಟ್ಟಿಸಿದರು, ಜನ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕಾದು ಕಾದು ವಾಪಸ್ ಹೋದರು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳನ್ನು ದಾಳಿಕೋರರು ಲಾಕ್ ಮಾಡಿದರು, ಹೆಚ್ಚುಕಮ್ಮಿ ಎರಡು ವಾರ ಎಲ್ಲ ಕೈಬರಹದಲ್ಲೇ ನಡೆಯಿತು. ನೆಟ್‌ವರ್ಕ್‌ನ ಭಾಗಗಳನ್ನು ಸರಿಯಾಗಿ ಬೇರ್ಪಡಿಸಿರಲಿಲ್ಲ ಎಂದು ಸರ್ಕಾರವೇ ಸಂಸತ್ತಿಗೆ ಹೇಳಿತು. ಮುಂಬಾಗಿಲು ಬಿಟ್ಟರೆ ಒಳಗೆ ಯಾವ ಕೋಣೆಗೂ ಬಾಗಿಲೇ ಇಲ್ಲದ ಮನೆ ಇದ್ದ ಹಾಗೆ.

ಆದರೂ ನಾನು ಕಂಪ್ಯೂಟರ್ ಬೇಕು ಅನ್ನುವ ಕಡೆಯೇ. ಸರಿಯಾಗಿ ಮಾಡಿದರೆ ಯಾರು, ಎಷ್ಟು ಗಂಟೆಗೆ, ಏನು ತಿದ್ದಿದರು ಅನ್ನುವುದು ಅದರಲ್ಲಿ ಉಳಿಯುತ್ತದೆ, ಇನ್ನೊಂದು ಊರಿನಲ್ಲಿ ಅದರ ಪ್ರತಿಯೂ ಇರುತ್ತದೆ. ಡಾಂಗಲ್ ಆಪರೇಟರ್ ಕೈಯಲ್ಲಿ ಇರುವ ತನಕ ಆ ದಾಖಲೆಗೂ ಬೆಲೆ ಇಲ್ಲ ಅನ್ನುವುದನ್ನು ಮೇಲೆ ತುಮಕೂರಿನ ತಂಗಿಗೆ ಬರೆದಿದ್ದೇನೆ, ಅದನ್ನೂ ಓದಿ.

ಪ್ರಶ್ನೆ: ಕಚೇರಿಯಲ್ಲಿ ನನ್ನ ಅರ್ಜಿ ಹರಿದು ಹಾಕಿದರು. ಅಲ್ಲಿ ಸಿಸಿ ಕ್ಯಾಮೆರಾ ಇದೆ. ದೃಶ್ಯ ಕೇಳಬಹುದಾ?
- ಬಾಗೇಪಲ್ಲಿ

ಉತ್ತರ: ಕೇಳಬಹುದು, ಆದರೆ ಬೇಗ. ಪೊಲೀಸ್ ಠಾಣೆಗಳ ಕ್ಯಾಮೆರಾ ದೃಶ್ಯವನ್ನು 18 ತಿಂಗಳು, ಅಷ್ಟು ಆಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದು ಠಾಣೆಗಳಿಗೆ. ಬೇರೆ ಕಚೇರಿಗಳಲ್ಲಿ ದೃಶ್ಯ ಉಳಿಸಿಡುವ ಯಂತ್ರ (ಡಿವಿಆರ್) ತುಂಬಿದ ತಕ್ಷಣ ಹಳೇದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಮಾಹಿತಿ ಹಕ್ಕಿನ 30 ದಿನ ಕಾಯುವಷ್ಟರಲ್ಲಿ ದೃಶ್ಯ ಅಳಿಸಿಹೋಗಿರಬಹುದು. ಅದಕ್ಕೆ ಎರಡು ಅರ್ಜಿ ಕೊಡಿ. ಒಂದು ಮಾಹಿತಿ ಹಕ್ಕಿನದು. ಇನ್ನೊಂದು ಕಚೇರಿ ಮುಖ್ಯಸ್ಥರಿಗೆ ಮಾಮೂಲಿ ಅರ್ಜಿ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ತೆಗೆದಿಡಿ ಎಂದು. ಎರಡಕ್ಕೂ ಟಪಾಲು ವಿಭಾಗದಲ್ಲಿ ತಾರೀಕಿನ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.